ಪರಮೇಶ್ವರಿ ಅಕ್ಕನ ನಲವತ್ತೊಂದು ನಿಮಿಷ

…ಮುಖ ಇದ್ದಿದ್ದರೆ ಜಗಳವಾದರೂ ಮಾಡಬಹುದಿತ್ತು ಎಂದೋ, ಜಗಳ ಮಾಡಲಿಕ್ಕೂ ಎದುರಿಗೊಂದು ಮುಖ ಬೇಕಲ್ಲ ಎಂದೋ, ಕಡಬ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಸಿನಾನ್ ಅಂದು ಹೇಳಿದ ಮಾತು ಹೀಗೇನೋ ಇತ್ತು, ಮಾನ್ಯ ಕುಂದುಕೊರತೆ ಅಧಿಕಾರಿಗಳೇ. ಸರಿಯಾದ ಶಬ್ದಗಳು ನೆನಪಿಲ್ಲ. ಆ ಹೊತ್ತಿಗೆ ನಾನು ಅವನ ಗಾಜಿನ ಕಪಾಟಿನೊಳಗಿನ ಹಳೆಯ ಚಾರ್ಜರುಗಳನ್ನು ನೋಡುತ್ತಿದ್ದೆ. ನಿಮ್ಮ ಉತ್ತರ ಅವನ ಮೇಜಿನ ಮೇಲೆ ನನ್ನ ಫೋನಿನಲ್ಲಿ ತೆರೆದಿತ್ತು. 'ನಮ್ಮ ತೀರ್ಮಾನ ಅಂತಿಮ. ಈ ವಿಷಯವಾಗಿ ಮತ್ತೆ ಮನವಿ ಸಲ್ಲಿಸಲಾಗದು.' ಕೆಳಗೆ ಸಹಿ ಇರಲಿಲ್ಲ, ಹೆಸರೂ ಇರಲಿಲ್ಲ. 'ತಂಡ' ಎಂದಿತ್ತು.

ದೂರು ಇಷ್ಟೆ. ನಿಮ್ಮ ಜಾಲತಾಣದಲ್ಲಿ ನಾನು ಹಾಕಿದ್ದ ನಲವತ್ತೊಂದು ನಿಮಿಷದ ಒಂದು ವಿಡಿಯೋವನ್ನು ನೀವು ತೆಗೆದುಹಾಕಿದ್ದೀರಿ. ಅದರಲ್ಲಿ ಪರಮೇಶ್ವರಿ ಎಂಬ ಅರವತ್ತನಾಲ್ಕು ವರ್ಷದ ಹೆಂಗಸಿನ ಧ್ವನಿ ಇದೆ. ಆ ಧ್ವನಿ ಈಗ ಬೇರೆಲ್ಲಿಯೂ ಇಲ್ಲ, ಅವರ ಗಂಟಲಿನಲ್ಲಿ ಕೂಡ. ಅದನ್ನು ಮರಳಿ ಕೇಳುವುದಕ್ಕಾಗಿ ಈ ಪತ್ರ. ನಿಮಗೆ ನೇರವಾಗಿ ಬರೆಯುವ ದಾರಿಯನ್ನು ನೀವೇ ಮುಚ್ಚಿದ್ದರಿಂದ ಪತ್ರಿಕೆಗೆ ಕಳಿಸುತ್ತಿದ್ದೇನೆ. ನೀವು ಕನ್ನಡ ಪತ್ರಿಕೆ ಓದುತ್ತೀರೋ ಇಲ್ಲವೋ ತಿಳಿಯದು. ನೀವು ಇದ್ದೀರೋ ಇಲ್ಲವೋ ಎಂಬುದೇ ಖಚಿತವಿಲ್ಲದಾಗ ಅದು ಸಣ್ಣ ಸಂಶಯ.

ನಾನು ಯಾರು ಎಂದು ಕೇಳುವ ಪದ್ಧತಿ ನಿಮ್ಮಲ್ಲಿಲ್ಲ, ಆದರೂ ಹೇಳುತ್ತೇನೆ. ಕಡಬದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪ್ರಯೋಗಾಲಯದ ಸಹಾಯಕ. ವಯಸ್ಸು ಐವತ್ತಮೂರು. ಮಸೂರ, ಲೋಲಕ, ತಂತಿಸುರುಳಿಗಳನ್ನು ಮಕ್ಕಳ ಕೈಗೆ ಕೊಡುವುದು, ಗಂಟೆ ಬಾರಿಸಿದ ಮೇಲೆ ಮರಳಿ ಕಪಾಟಿಗೆ ಸೇರಿಸುವುದು ನನ್ನ ಕೆಲಸ. ಆರು ವರ್ಷಗಳ ಹಿಂದೆ, ಕಾರಣ ಕೇಳಿದರೆ ಹೇಳಲಾರೆ, ಭಾನುವಾರದ ಮಧ್ಯಾಹ್ನಗಳಲ್ಲಿ ತಾಳಮದ್ದಳೆ ಕೂಟಗಳಿಗೆ ಹೋಗಿ ಚಿತ್ರೀಕರಿಸಲು ಶುರುಮಾಡಿದೆ. ಕಲಾಸೇವೆ ಎಂದು ಯಾರಾದರೂ ಹೊಗಳಿದರೆ ನನಗೆ ಮುಜುಗರವಾಗುತ್ತದೆ. ದೇವರು, ಪುರಾಣ ಇವುಗಳಲ್ಲಿ ನನ್ನ ನಂಬಿಕೆ ಅಷ್ಟಕ್ಕಷ್ಟೆ. ಮನುಷ್ಯರು ಬರೆದಿಟ್ಟುಕೊಳ್ಳದೆ, ಮೊದಲೇ ಗೊತ್ತುಮಾಡಿಕೊಳ್ಳದೆ, ಎದುರಿಗಿದ್ದವನ ಮಾತಿಗೆ ಆ ಕ್ಷಣದಲ್ಲೇ ಮಾತು ಹುಟ್ಟಿಸುವುದನ್ನು ನೋಡುವುದು ನನಗೆ ಇಷ್ಟ. ಪ್ರಯೋಗಾಲಯದಿಂದ ವಿಲೇವಾರಿಯಾದ ಒಂದು ಕಬ್ಬಿಣದ ಸ್ಟ್ಯಾಂಡಿಗೆ ಫೋನ್ ಸಿಕ್ಕಿಸಿ, ಮೂಲೆಯಲ್ಲಿಟ್ಟು, ಕೂಟ ಮುಗಿಯುವವರೆಗೆ ಅದನ್ನು ಮುಟ್ಟುತ್ತಿರಲಿಲ್ಲ. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕು ದಾಟಿ ಆಚೆ ಹೋದವನಲ್ಲ. ಹಾಗೆ ಎಂಬತ್ತಾರು ವಿಡಿಯೋಗಳಾದವು. ನೋಡುವವರು ನೂರು, ಹೆಚ್ಚೆಂದರೆ ಇನ್ನೂರು. ಮಾತಾಡಿದವರ ಮನೆಯವರೇ ಅದರಲ್ಲಿ ಹೆಚ್ಚು.

ತಾಳಮದ್ದಳೆಯೆಂದರೆ ಏನೆಂದು ಈ ಪತ್ರಿಕೆಯ ಓದುಗರಿಗೆ ವಿವರಿಸಿದರೆ ನಕ್ಕಾರು. ನಿಮಗೆ ವಿವರಿಸಲೇಬೇಕು. ಯಕ್ಷಗಾನದಿಂದ ಬಣ್ಣ, ಕಿರೀಟ, ಗೆಜ್ಜೆ, ಕುಣಿತ ಎಲ್ಲವನ್ನೂ ಕಳಚಿಟ್ಟರೆ ಉಳಿಯುವುದು ತಾಳಮದ್ದಳೆ. ಭಾಗವತರು ಒಂದು ಪದ್ಯ ಹಾಡುತ್ತಾರೆ. ಆಮೇಲೆ ಕುರ್ಚಿಯಲ್ಲಿ ಕೂತವರು, ತಮ್ಮ ನಿತ್ಯದ ಬಟ್ಟೆಯಲ್ಲೇ, ಆ ಪದ್ಯದ ಪಾತ್ರವಾಗಿ ಮಾತಾಡುತ್ತಾರೆ. ಇದಕ್ಕೆ ಅರ್ಥ ಹೇಳುವುದು ಎನ್ನುತ್ತೇವೆ. ನಿಮ್ಮ ಯಂತ್ರದ ಕಷ್ಟ ನನಗೆ ತಿಳಿಯುತ್ತದೆ. ಕಿರೀಟವಿದ್ದಿದ್ದರೆ ಇದು ಆಟ ಎಂದು ಅದಕ್ಕೆ ಹೊಳೆಯುತ್ತಿತ್ತೇನೋ. ಅದು ಕಂಡದ್ದು ಕೋಡಿಂಬಾಳದ ಒಂದು ಮನೆಯ ಚಾವಡಿ, ಕೆಂಪು ಪ್ಲಾಸ್ಟಿಕ್ ಕುರ್ಚಿಗಳು, ಹತ್ತಿಸೀರೆಯುಟ್ಟ ಇಬ್ಬರು ಹೆಂಗಸರು. ಒಬ್ಬರು ಇನ್ನೊಬ್ಬರಿಗೆ ಹೇಳುತ್ತಾರೆ: 'ನಾಳೆ ಸೂರ್ಯ ಕಂತುವ ಮೊದಲು ನಿನ್ನ ತಲೆ ಇದೇ ಹೊಸಿಲ ಮೇಲೆ ಬಿದ್ದಿರುತ್ತದೆ.' ಸ್ಥಳವಿದೆ, ಸಮಯವಿದೆ, ಸ್ವಲ್ಪ ಮುಂದೆ ಆಯುಧದ ಪ್ರಸ್ತಾಪವೂ ಇದೆ. ನಿಮ್ಮ ನೋಟೀಸಿನ ಪ್ರಕಾರ ಇದು 'ನಿರ್ದಿಷ್ಟ ಹಾಗೂ ನಂಬಲರ್ಹವಾದ ಬೆದರಿಕೆ'.

ಬೆದರಿಕೆ ಹಾಕಿದವರು ಮೂಕಾಂಬಿಕಾ ಟೀಚರು. ಗುತ್ತಿಗಾರಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿ ನಿವೃತ್ತರಾದವರು. ನೋಟೀಸನ್ನು ಓದಿ ಹೇಳಿದಾಗ ಅವರು ಕನ್ನಡಕ ಸರಿಮಾಡಿಕೊಂಡು, "ನಂಬಲರ್ಹ ಅಂತ ಬರೆದಿದ್ದಾರಾ? ಇನ್ನೊಮ್ಮೆ ಓದು. ನನ್ನ ಅರ್ಥಕ್ಕೆ ಇಷ್ಟರವರೆಗೆ ಸಿಕ್ಕಿದ ದೊಡ್ಡ ವಿಮರ್ಶೆ ಇದು ದುಗ್ಗಪ್ಪ" ಎಂದರು. ಅದೇ ವಿಡಿಯೋದ ಇಪ್ಪತ್ತಮೂರನೆಯ ನಿಮಿಷದಲ್ಲಿ, ತಲೆ ತೆಗೆಯುವ ಶಪಥ ಮಾಡಿದ ಇದೇ ಟೀಚರು, ಎದುರಾಳಿಯ ಸ್ವರ ಒಣಗಿದ್ದು ಕಂಡು ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸಿ ಕೈಗೆ ಕೊಡುತ್ತಾರೆ. ನಿಮ್ಮ ಯಂತ್ರ ಆ ಶಪಥ ಬರುವ ಹದಿನಾಲ್ಕನೆಯ ನಿಮಿಷಕ್ಕೇ ನೋಡುವುದನ್ನು ನಿಲ್ಲಿಸಿತ್ತೇ?

ಪಾತ್ರಗಳ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಬರೆದರೆ ಅವರ ಖಾತೆಗಳನ್ನೂ ಹುಡುಕಿಕೊಂಡು ಹೊರಟೀರಿ. ಸೋತ ಅರಸನೊಬ್ಬ, ಅವನ ಬಾಗಿಲಿಗೆ ಬಂದ ಗೆದ್ದವನೊಬ್ಬ, ಇಷ್ಟು ಸಾಕು. ಗೆದ್ದವನು ಟೀಚರು. ಸೋತ ಅರಸ ಪರಮೇಶ್ವರಿ ಅಕ್ಕ.

ಅಕ್ಕನಿಗೆ ಆ ಪಾತ್ರ ಬಂದದ್ದು ಆಕಸ್ಮಿಕ. ಹೆಂಗಸರ ಆ ಕೂಟದಲ್ಲಿ ಹನ್ನೆರಡು ವರ್ಷ ಅವರು ಮಿಕ್ಕಿದ ಪಾತ್ರಗಳನ್ನು ಮಾಡಿದವರು. ದೂತ, ಸಖಿ, ಒಂದು ಮಾತು ಹೇಳಿ ಕಾಡಿಗೆ ಹೋಗುವ ಮುನಿ. ಕೂಟ ಅವರ ಮನೆಯಲ್ಲೇ ನಡೆಯುವುದು ಹೆಚ್ಚು. ಆದ್ದರಿಂದ ಮುನಿಯಾಗಿ ಕಾಡಿಗೆ ಹೋದವರು ಅಲ್ಲಿಂದ ನೇರವಾಗಿ ಅಡಿಗೆಮನೆಗೆ ಹೋಗಿ ಅವಲಕ್ಕಿ ಕಲಸುತ್ತಿದ್ದರು. ಆ ಭಾನುವಾರ ಅರಸನ ಪಾತ್ರ ಹೇಳಬೇಕಾದವರಿಗೆ ಜ್ವರ. ಭಾಗವತರು ಅಕ್ಕನನ್ನು ಕರೆದು ಕೂರಿಸಿದರು. ಪದ್ಯ ಮುಗಿಯಿತು. ಗೆದ್ದವನು ಬಾಗಿಲಲ್ಲಿ ನಿಂತಿದ್ದಾನೆ. ಅಕ್ಕ ಸ್ವಲ್ಪ ಹೊತ್ತು ತನ್ನ ಕೈಗಳನ್ನು ನೋಡಿಕೊಂಡರು. ಆಮೇಲೆ ಹೇಳಿದರು: 'ಬಾ, ಕುಳಿತುಕೋ. ಸೋತವನ ಮನೆಯಲ್ಲಿ ಪೀಠಗಳಿಗೇನು ಬರಗಾಲ? ಎಲ್ಲವೂ ಖಾಲಿಯಾಗಿಯೇ ಬಿದ್ದಿವೆ.'

ಇಷ್ಟು ಮಾತ್ರ ನನಗೆ ಪೂರ್ತಿ ನೆನಪಿದೆ. ಮುಂದಿನ ನಲವತ್ತು ನಿಮಿಷದಲ್ಲಿ ಅವರು ಗೆಲುವಿನ ಬಗ್ಗೆ, ಹಸಿವಿನ ಬಗ್ಗೆ, ಬೇರೆಯವರು ಹೇಳಿದ್ದಕ್ಕೆ ತಲೆಯಾಡಿಸಿ ಕಳೆದ ಆಯುಷ್ಯದ ಬಗ್ಗೆ ಮಾತಾಡಿದರು. ಅದು ಅರಸನ ಮಾತೋ ಅಕ್ಕನದೋ ಎಂದು ನಾನು ಆಗಲೇ ಗೊಂದಲಕ್ಕೆ ಬಿದ್ದಿದ್ದೆ. ಅವರ ಗಂಡ ಮಹಾಗಣಪತಿ ಭಟ್ರು ಕಾಫಿಯ ತಟ್ಟೆ ಹಿಡಿದು ಒಳಬಾಗಿಲಲ್ಲಿ ನಿಂತವರು ಕದಲಲಿಲ್ಲ. ಲೋಟಗಳಲ್ಲಿ ಕೆನೆ ಕಟ್ಟಿತು. ಎಲ್ಲ ಮುಗಿದ ಮೇಲೆ ಅವರು, "ಇದೆಲ್ಲ ಇಷ್ಟು ವರ್ಷ ಎಲ್ಲಿತ್ತು ಮಾರಾಯ್ತಿ?" ಎಂದು ಕೇಳಿದರು. ಅಕ್ಕ ಕುರ್ಚಿಗಳನ್ನು ಒಂದರೊಳಗೊಂದು ಸೇರಿಸುತ್ತಾ, "ನೀವು ಕೇಳಿದ್ದು ಯಾವಾಗ?" ಎಂದರು. ವಿಡಿಯೋ ಅಲ್ಲಿಗೆ ಮುಗಿಯುತ್ತದೆ.

ಅದಾಗಿ ಎರಡೂವರೆ ತಿಂಗಳಿಗೆ ಒಂದು ಬೆಳಿಗ್ಗೆ ಅಕ್ಕ ಬಚ್ಚಲಿನ ಬಾಗಿಲಲ್ಲಿ ಕುಸಿದರು. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಪುತ್ತೂರಿನ ಆಸ್ಪತ್ರೆಯಲ್ಲಿ ಹದಿನೆಂಟು ದಿನ. ಜೀವ ಉಳಿಯಿತು, ಬಲಗೈ ಮತ್ತು ಮಾತು ಹೋದವು. ಹೇಳಿದ್ದೆಲ್ಲ ತಿಳಿಯುತ್ತದೆ, ಯಾರು ಬಂದರೂ ಗುರುತು ಹಿಡಿಯುತ್ತಾರೆ, ಹೇಳಬೇಕಾದ್ದು ಒಳಗೆ ಇದೆ ಎಂಬುದು ಕಣ್ಣಿನಲ್ಲಿ ಕಾಣುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಮಾತಿನ ತರಬೇತಿ ಕೊಡುವ ಹುಡುಗಿ ಭಟ್ರಿಗೆ ಹೇಳಿದಳಂತೆ: "ಅವರದ್ದೇ ಹಳೆಯ ಸ್ವರ ಎಲ್ಲಿಯಾದರೂ ಉಂಟಾ? ಮದುವೆ ವಿಡಿಯೋ, ಎಂತಾದರೂ? ಅದನ್ನು ದಿನಾ ಕೇಳಿಸಿ. ಅದರ ಒಟ್ಟಿಗೇ ಹೇಳಲಿಕ್ಕೆ ನೋಡಲಿ. ಬೇರೆಯವರು ಹೇಳಿಕೊಡುದಕ್ಕಿಂತ ಅದು ಬೇಗ ಹಿಡಿಯುತ್ತದೆ."

ಬೇರೆ ಎಲ್ಲಿಯೂ ಇರಲಿಲ್ಲ. ಹೆಂಗಸರ ಆ ಕೂಟಕ್ಕೆ ನಾನು ಸ್ಟ್ಯಾಂಡ್ ಒಯ್ದದ್ದು ಆ ಒಂದು ಭಾನುವಾರ ಮಾತ್ರ. ಅವರು ಫೋನಿನಲ್ಲೂ ಹೆಚ್ಚು ಮಾತಾಡಿದವರಲ್ಲ. ಇದ್ದದ್ದು ಈ ನಲವತ್ತೊಂದು ನಿಮಿಷ.

ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ, ದೀಪ ಹಚ್ಚುವ ಹೊತ್ತಿಗೊಮ್ಮೆ. ಎಡಗೈಯ ಹೆಬ್ಬೆರಳಿನಿಂದ ಅವರೇ ಒತ್ತಲು ಕಲಿತರು. ಐದನೆಯ ವಾರ ಫೋನಿನೊಳಗಿನ ಅಕ್ಕ 'ಬಾ' ಎಂದಾಗ ಹೊರಗಿನ ಅಕ್ಕನ ತುಟಿ ಕೂಡಿ ಬಿಟ್ಟಿತು. ಏಳನೆಯ ವಾರದಲ್ಲಿ 'ಕುಳಿತುಕೋ' ಬಂತು. ಒಂದು ದಿನ ಸಿನಾನ್ ಅವರ ಫೋನಿನ ಬ್ಯಾಟರಿ ಬದಲಿಸಲು ಮನೆಗೆ ಹೋಗಿದ್ದ. ಚಾವಡಿಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವನನ್ನು ಕಂಡು ಅಕ್ಕ, ಫೋನಿನ ಸಹಾಯವಿಲ್ಲದೆ, ಅರಸನ ಅದೇ ಗತ್ತಿನಲ್ಲಿ, "ಬಾ, ಕುಳಿತುಕೋ" ಎಂದರು. ಸಿನಾನ್ ಬರಿ ನೆಲದಲ್ಲೇ ಕೂತುಬಿಟ್ಟ. "ಅಲ್ಲ, ಕುರ್ಚಿ ಉಂಟಲ್ಲ ಮಾರಾಯ" ಎಂದು ಭಟ್ರು ಹೇಳಿದರೆ, "ಅರಸ ಕೂತ್ಕೋ ಅಂದ ಮೇಲೆ ಕುರ್ಚಿ ಹುಡುಕುದಾ ಭಟ್ರೇ?" ಎಂದನಂತೆ. ಇದನ್ನು ನನಗೆ ಹೇಳುವಾಗ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದರು.

ನಿಮ್ಮ ಗಮನ ನಮ್ಮ ಕಡೆಗೆ ತಿರುಗಿದ್ದು ಇಲ್ಲಿಯೇ. ನಿಮ್ಮ ಮೊದಲ ಪತ್ರ ನನ್ನಲ್ಲಿದೆ. 'ಒಂದೇ ಮನೆಯಿಂದ, ಒಂದೇ ಫೋನಿನಿಂದ, ಒಂದೇ ವಿಡಿಯೋವನ್ನು ದಿನಕ್ಕೆ ಹಲವು ಬಾರಿ, ವಾರಗಟ್ಟಲೆ ನೋಡಲಾಗಿದೆ. ಇದು ಸಹಜ ಮನುಷ್ಯರು ನೋಡುವ ರೀತಿಯಲ್ಲ. ಆದಾಯ ಹೆಚ್ಚಿಸಲು ಕೃತಕವಾಗಿ ಮಾಡಿದ್ದೆಂದು ಕಂಡುಬಂದಿದೆ. ಆದ್ದರಿಂದ ನಿಮ್ಮ ಚಾನೆಲ್ಲಿಗೆ ಜಾಹೀರಾತು ನಿಲ್ಲಿಸಲಾಗಿದೆ.' ಓದಿ ನಾನು ನಕ್ಕೆ. ನಿಮ್ಮಿಂದ ಆವರೆಗೆ ಬಂದ ಆದಾಯದಲ್ಲಿ ಒಂದು ಮದ್ದಳೆಗೆ ಹೊಸ ಚರ್ಮ ಹಾಕಿಸಿದ್ದೆವು, ಮುಗಿದಿತ್ತು. ಜಾಹೀರಾತು ಹೋದದ್ದೂ ಒಂದು ಲೆಕ್ಕಕ್ಕೆ ಒಳ್ಳೆಯದೇ. ಅರಸ ತನ್ನ ಸತ್ತ ಮಕ್ಕಳನ್ನು ನೆನೆಯುವ ಹೊತ್ತಿಗೆ ಸರಿಯಾಗಿ ನೀವು ಚಿನ್ನದ ಸಾಲದ ಜಾಹೀರಾತು ತುರುಕುತ್ತಿದ್ದಿರಿ. ಅದು ಹಿಂಸೆಯೆಂದು ನಾವು ನಿಮ್ಮ ಮೇಲೆ ದೂರು ಕೊಟ್ಟಿರಲಿಲ್ಲ.

ನಕ್ಕದ್ದು ನನ್ನ ತಪ್ಪು. ಆಗಲೇ ಆ ವಿಡಿಯೋದ ಪ್ರತಿ ತೆಗೆದಿಟ್ಟುಕೊಳ್ಳಬೇಕಿತ್ತು. ನಿನ್ನಲ್ಲಿ ಮೂಲ ಇಲ್ಲವೇ ಎಂದು ನೀವು ಕೇಳಬಹುದು, ಅಂದರೆ ಕೇಳುವವರಾಗಿದ್ದರೆ. ಫೋನ್ ತುಂಬಿದಾಗ ಹಳೆಯದನ್ನು ಅಳಿಸುವುದು ನನ್ನ ರೂಢಿ. ಬೇರೆ ಇಟ್ಟಿದ್ದ ಹಾರ್ಡ್ ಡಿಸ್ಕ್ ಮೇ ತಿಂಗಳ ಸಿಡಿಲಿಗೆ ಸುಟ್ಟುಹೋಯಿತು. ನಮ್ಮ ಮನೆಗಳಲ್ಲಿ ಗೆದ್ದಲು, ಬೂಸಲು, ಸಿಡಿಲು ಇವೆ. ನಿಮ್ಮಲ್ಲಿ ಇವು ಯಾವುವೂ ಇಲ್ಲ, ಆದ್ದರಿಂದ ನಿಮ್ಮಲ್ಲಿಟ್ಟರೆ ಭದ್ರ ಎಂದು ಪ್ರಯೋಗಾಲಯದವನಾದ ನಾನೇ ನಾಲ್ಕು ಜನಕ್ಕೆ ಹೇಳಿದ್ದೇನೆ.

ಜಾಹೀರಾತು ನಿಂತು ಹತ್ತು ದಿನವಾಗಿತ್ತು. ನಾನು ಮಕ್ಕಳಿಗೆ ಬೆಳಕು ಒಡೆಯುವ ಗಾಜಿನ ಅಶ್ರಗ ಹಂಚುತ್ತಿದ್ದಾಗ ಭಟ್ರ ಫೋನ್ ಬಂತು. "ದುಗ್ಗಪ್ಪ, ಫೋನಿನಲ್ಲಿ ಎಂತದೋ ಬೂದಿ ಬಣ್ಣ ಬಂದದೆ. ಅವಳು ಒತ್ತುತ್ತಾ ಇದ್ದಾಳೆ, ಒತ್ತುತ್ತಾ ಇದ್ದಾಳೆ, ಎಂತದೂ ಬರುದಿಲ್ಲ. ನೀನೊಮ್ಮೆ ಬಾ ಮಾರಾಯ." ರಜೆ ಹಾಕಿ ಹೋದೆ. ಅಕ್ಕ ಇನ್ನೂ ಒತ್ತುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಭಟ್ರು ಕನ್ನಡಕ ಹಾಕಿಕೊಂಡು ಅಲ್ಲಿದ್ದದ್ದನ್ನು ಗಟ್ಟಿಯಾಗಿ ಓದಿದರು: 'ಹಿಂಸೆಯ ಕುರಿತಾದ ನಮ್ಮ ನಿಯಮವನ್ನು ಉಲ್ಲಂಘಿಸಿದ್ದರಿಂದ ಈ ವಿಡಿಯೋವನ್ನು ತೆಗೆದುಹಾಕಲಾಗಿದೆ.' ಅಕ್ಕ ಒತ್ತುವುದನ್ನು ನಿಲ್ಲಿಸಿದರು. ಆಮೇಲೆ ನಮ್ಮಿಬ್ಬರ ಮುಖ ನೋಡಿದರು. ಜೀವಮಾನದಲ್ಲಿ ಒಂದು ಸಲ ಬಾಯಿಬಿಟ್ಟು ಮಾತಾಡಿದ್ದಕ್ಕೆ ಇದು ಹಿಂಸೆ ಎಂದು ಕರೆಸಿಕೊಂಡ ಮನುಷ್ಯರ ಮುಖ ಹೇಗಿರುತ್ತದೆ ಎಂಬುದನ್ನು ನಿಮ್ಮ ಯಂತ್ರಕ್ಕೆ ಕಲಿಸಲು ನನ್ನಲ್ಲಿ ಚಿತ್ರವಿಲ್ಲ. ಅಂದು ನಾನು ಸ್ಟ್ಯಾಂಡ್ ಒಯ್ದಿರಲಿಲ್ಲ.

ಮನವಿ ಸಲ್ಲಿಸಲು ನೀವು ಒಂದು ಅವಕಾಶ ಕೊಟ್ಟಿದ್ದಿರಿ. ಒಂದೇ ಒಂದು. ಆದ್ದರಿಂದ ಎಲ್ಲರೂ ಸೇರಿ ಮಾಡುವುದೆಂದು ಭಾನುವಾರ ಮಧ್ಯಾಹ್ನ ಅದೇ ಚಾವಡಿಯಲ್ಲಿ ಕೂತೆವು. ಮೂಕಾಂಬಿಕಾ ಟೀಚರು ಎರಡು ಬಸ್ಸು ಹಿಡಿದು ಬಂದಿದ್ದರು. ಸಿನಾನ್ ಅಂಗಡಿಯಿಂದಲೇ ಫೋನಿನಲ್ಲಿದ್ದ. ಅಕ್ಕ ತನ್ನ ಕುರ್ಚಿಯಲ್ಲಿದ್ದರು. ನಿಮ್ಮ ಫಾರ್ಮು ಕನ್ನಡದಲ್ಲಿಯೇ ಇತ್ತು, ಯಾವುದೋ ಯಂತ್ರ ಮಾಡಿದ ಕನ್ನಡ. ಮೊದಲ ಪ್ರಶ್ನೆ: 'ಈ ವಿಡಿಯೋದಲ್ಲಿರುವ ಘಟನೆ ಯಾವ ಬಗೆಯದು?' ಎದುರಿಗೆ ಎರಡು ಚೌಕ. ಒಂದರ ಪಕ್ಕದಲ್ಲಿ 'ನಿಜವಾಗಿ ನಡೆದದ್ದು'. ಇನ್ನೊಂದರ ಪಕ್ಕದಲ್ಲಿ 'ಕಲ್ಪಿತ'.

"ಎರಡನೇದು ಒತ್ತಿ ದುಗ್ಗಪ್ಪಣ್ಣ. ಕಲ್ಪಿತ. ಮುಗೀತು ಕೆಲಸ" ಎಂದ ಸಿನಾನ್.

"ಎಂತ ಕಲ್ಪಿತ?" ಭಟ್ರು ನೆಟ್ಟಗಾದರು. "ಯಾರ ಕಲ್ಪನೆ? ನಿನ್ನದಾ ನನ್ನದಾ? ನಲವತ್ತು ವರ್ಷ ಪಾರಾಯಣ ಮಾಡಿದ್ದು ಕಲ್ಪಿತವನ್ನಾ?"

"ಭಟ್ರೇ, ಇದು ಮಿಶನಿಗೆ ಹೇಳುದು. ದೇವರಿಗೆ ಅಲ್ಲ."

"ಯಾರಿಗೆ ಹೇಳಿದ್ರೂ ಹೇಳುವ ಬಾಯಿ ನಮ್ಮದೇ ಅಲ್ವಾ? ನಿನಗೆ ಇಂಥದ್ದೇ ಒಂದು ಫಾರ್ಮು ಬಂತು ಅಂತ ಇಟ್ಟುಕೋ. ನೀನು ಚಿಕ್ಕಂದಿನಿಂದ ಓದಿದ್ದರ ಬಗ್ಗೆ. ನೀನು ಒತ್ತುತ್ತೀಯಾ?"

"ಅದು ಕೇಳಬೇಡಿ ಭಟ್ರೇ" ಎಂದ ಸಿನಾನ್.

"ಕಥೆ ಅಂತ ಹಾಕುವ" ಎಂದರು ಟೀಚರು. "ಕಥೆ ಅಂದ್ರೆ ಯಾರಿಗೂ ನೋವಿಲ್ಲ."

"ಕಥೆಗೆ ಚೌಕ ಇಲ್ಲ ಟೀಚರೇ."

"ಹಾಗಾದ್ರೆ ಫಾರ್ಮು ಮಾಡಿದವರಿಗೆ ಅಜ್ಜಿ ಇರಲಿಲ್ಲ" ಎಂದರು ಅವರು.

ಅಧಿಕಾರಿಗಳೇ, ನನ್ನ ಮಟ್ಟಿಗೆ ಅದು ಕಲ್ಪಿತವೇ. ಹದಿನೆಂಟನೆಯ ವಯಸ್ಸಿನಿಂದ ಹಾಗೆಂದೇ ತಿಳಿದವನು. ಕಲ್ಪಿತವಾದದ್ದು ಕೀಳು ಎಂದೂ ನಾನು ಭಾವಿಸಿದವನಲ್ಲ. ಎರಡನೆಯ ಚೌಕ ಒತ್ತಲು ಆ ಚಾವಡಿಯಲ್ಲಿ ನನ್ನಷ್ಟು ಅರ್ಹತೆಯಿದ್ದವರು ಬೇರೆ ಯಾರೂ ಇರಲಿಲ್ಲ. ಆದರೂ ಬೆರಳು ಮೊದಲನೆಯದಕ್ಕೆ ಹೋಯಿತು. ಭಟ್ರ ದಾಕ್ಷಿಣ್ಯ ಎನ್ನಬಹುದು. ಇನ್ನೊಬ್ಬರ ಮನೆಯಲ್ಲಿ ಕೂತು, ಅವರ ಕಾಫಿ ಕುಡಿದು, ಅವರ ನಂಬಿಕೆಗೆ ಗೀಟು ಎಳೆಯುವ ಧೈರ್ಯ ನನಗಿಲ್ಲ. ಆದರೆ ಅಷ್ಟೇ ಆಗಿತ್ತು ಎಂದು ಹೇಳಿದರೆ ಸುಳ್ಳಾದೀತು. ಆ ಭಾನುವಾರ ಅಕ್ಕ ಆ ಕುರ್ಚಿಯಲ್ಲಿ ಕೂತು ಹೇಳಿದ್ದನ್ನು ಕೇಳಿದವನು ನಾನು. ಅದು ನಡೆದದ್ದಲ್ಲ ಎಂದು ಗುರುತು ಹಾಕಲು ನನ್ನಂಥವನಿಗೂ ಆಗಲಿಲ್ಲ. ಅದರ ಕೆಳಗೆ ಮುನ್ನೂರು ಅಕ್ಷರದೊಳಗೆ ವಿವರಣೆ ಕೇಳಿದ್ದಿರಿ. ಭಟ್ರು ಹೇಳಿದರು, ನಾನು ಬರೆದೆ: 'ಇದು ಬಹಳ ಹಿಂದೆ ನಡೆದದ್ದು. ಬೆದರಿಕೆ ಹಾಕಿದವನು ಮರುದಿನವೇ ಅದನ್ನು ನೆರವೇರಿಸಿದ್ದಾನೆ. ಸತ್ತವನ ಕಡೆಯವರಿಂದ ಯಾವ ತಕರಾರೂ ಇಲ್ಲ.'

ಬರೆದು ಮುಗಿಸಿದಾಗ ನಮಗೆಲ್ಲ ಸಮಾಧಾನವಾಗಿತ್ತು. ಸಾವಿರಾರು ವರ್ಷಗಳ ಹಿಂದೆ ಇತ್ಯರ್ಥವಾದ ಪ್ರಕರಣ, ಇನ್ನೇನು ಬೇಕು ಎಂದು ನಾವು ತಿಳಿದೆವು. ನಿಮ್ಮ ಉತ್ತರ ಬರಲು ನಲವತ್ತು ನಿಮಿಷ ಸಾಕಾಯಿತು. 'ಬೆದರಿಕೆಯೂ ಕೊಲೆಯೂ ನಿಜವೆಂದು ನೀವೇ ದೃಢಪಡಿಸಿದ್ದೀರಿ, ಆದ್ದರಿಂದ ತೀರ್ಮಾನವನ್ನು ಎತ್ತಿಹಿಡಿಯಲಾಗಿದೆ.' ಅಂದರೆ ವಿಡಿಯೋ ತೆಗೆದದ್ದು ನೀವು. ಅದು ಮರಳಿ ಬಾರದಂತೆ ಬೀಗ ಜಡಿದದ್ದು ನಾನು. ಈ ಪತ್ರದಲ್ಲಿ ನಿಮ್ಮ ಮೇಲೆ ಪೂರ್ಣ ಸಿಟ್ಟು ಮಾಡಲು ಆಗದೆ ಇರುವುದು ಇದಕ್ಕೇ.

ನಮ್ಮ ಊರುಗಳಲ್ಲಿ ಕೆಲವು ಮನೆಗಳಲ್ಲಿ ಪರವಾನಗಿಯ ಕೋವಿ ಇರುತ್ತದೆ. ಹಂದಿ, ಮಂಗ, ಗುತ್ತಿಗಾರಿನ ಕಡೆ ಆನೆಯನ್ನೂ ಹೆದರಿಸಲು. ಚುನಾವಣೆ ಬಂತೆಂದರೆ ಆ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಗೆ ಒಯ್ದು ಒಪ್ಪಿಸಬೇಕು. ಆ ಕೋವಿಯಿಂದ ಯಾರೂ ಯಾರನ್ನೂ ಕೊಲ್ಲಲು ಹೊರಟಿಲ್ಲ ಎಂದು ಠಾಣೆಯವರಿಗೂ ಗೊತ್ತು. ಆದರೂ ನಿಯಮ. ನಾವು ಗೊಣಗುತ್ತಾ ಒಯ್ಯುತ್ತೇವೆ. ಅಲ್ಲಿ ಒಬ್ಬ ಮನುಷ್ಯ ಕೂತಿರುತ್ತಾನೆ. ಅವನು ಕೋವಿಗೆ ಚೀಟಿ ಕಟ್ಟಿ, ನಮಗೆ ರಶೀದಿ ಕೊಟ್ಟು, "ಮತ ಎಣಿಕೆ ಆದ ಮೇಲೆ ಬನ್ನಿ" ಎನ್ನುತ್ತಾನೆ. ಎಣಿಕೆ ಆಗುತ್ತದೆ. ನಾವು ಹೋಗುತ್ತೇವೆ. ಅವನು ಕೋವಿಯನ್ನು ಮರಳಿ ಕೊಡುತ್ತಾನೆ. ನಿಜವಾದ ಕೋವಿ, ನಿಜವಾದ ಗುಂಡು ಹಾರುವಂಥದ್ದು. ಒಂದು ಆಯುಧಕ್ಕೆ ನಮ್ಮ ಠಾಣೆ ಕೊಡುವ ಮರ್ಯಾದೆಯನ್ನು ಒಂದು ಸ್ವರಕ್ಕೆ ಕೊಡಲು ನಿಮ್ಮಂಥ ಸಂಸ್ಥೆಗೆ ಏನು ಅಡ್ಡಿ? ರಶೀದಿ ಎಲ್ಲಿ? ಯಾವ ಎಣಿಕೆ ಮುಗಿದ ಮೇಲೆ ಬರಬೇಕು?

ಮೂರು ತಿಂಗಳಾಯಿತು. ಮೊದಲು 'ಕುಳಿತುಕೋ' ಹೋಯಿತು. ಆಮೇಲೆ 'ಬಾ' ಎಂಬುದು ಬರಿಯ ಉಸಿರಾಯಿತು. ತರಬೇತಿಯ ಹುಡುಗಿ ಬೇರೆ ಬೇರೆ ದಾರಿ ನೋಡುತ್ತಿದ್ದಾಳೆ. ಚಿತ್ರದ ಚೀಟಿಗಳು, ಹಾಡು, ಎಣಿಕೆ. ಅಕ್ಕ ಮುಖ ತಿರುಗಿಸುತ್ತಾರೆ. ಪ್ರತಿ ಮಂಗಳವಾರ ಮೂಕಾಂಬಿಕಾ ಟೀಚರು ಗುತ್ತಿಗಾರಿನಿಂದ ಬಂದು ಎದುರು ಕೂತು, ಗೆದ್ದವನಾಗಿ ಮತ್ತೆ ಅದೇ ಶಪಥ ಹೇಳಿ, ಅಕ್ಕನ ಮಾತಿಗೆ ಜಾಗ ಬಿಟ್ಟು ಕಾಯುತ್ತಾರೆ. ಕೂಟದಲ್ಲಿ ಒಂದು ಮರ್ಯಾದೆ ಇದೆ. ಎದುರಿನವರಿಗೆ ಮಾತು ಸಿಗದಿದ್ದರೆ ಸೋಲಿಸಿ ಮುಗಿಸುವುದಲ್ಲ, ತನ್ನ ಮಾತನ್ನೇ ಇನ್ನಷ್ಟು ಉದ್ದ ಮಾಡಿ, ಅವರು ಹಿಡಿದುಕೊಳ್ಳಲು ಒಂದು ತುದಿ ಚಾಚಬೇಕು. ಟೀಚರು ಚಾಚುತ್ತಲೇ ಇದ್ದಾರೆ. ಕಳೆದ ಮಂಗಳವಾರ ಬಸ್ಸಿಗೆ ಕಾಯುತ್ತಿದ್ದಾಗ ನನ್ನಲ್ಲಿ ಹೇಳಿದರು: "ತಲೆ ತೆಗೀತೇನೆ ಅಂತ ಎಷ್ಟು ಹೊತ್ತು ಎಳೆಯುದು ದುಗ್ಗಪ್ಪ? ಇರುದು ಒಂದೇ ತಲೆ ಅಲ್ವಾ?" ನಗಲು ನೋಡಿದರು. ಆಮೇಲೆ, "ಅವಳು ಆ ದಿನ ನನ್ನನ್ನು ಸೋಲಿಸಿದ್ದಳು, ಗೊತ್ತುಂಟಾ? ಗೆದ್ದವನ ಪಾತ್ರ ನನ್ನದು, ಪ್ರಸಂಗದಲ್ಲಿ ನಾನು ಗೆದ್ದೆ. ಮಾತಿನಲ್ಲಿ ಅವಳು. ಹೇಗೆ ಸೋಲಿಸಿದ್ದು ಅಂತ ಈಗ ನನಗೇ ನೆನಪಿಲ್ಲ" ಎಂದರು.

ಕೇಳುವುದು ಹೆಚ್ಚೇನಿಲ್ಲ. ಜಾಹೀರಾತು ಬೇಡ, ಹಣ ಬೇಡ, ವಿಡಿಯೋವನ್ನು ಲೋಕಕ್ಕೆ ತೋರಿಸುವುದೂ ಬೇಡ. ಉಳಿದ ಎಂಬತ್ತೈದನ್ನು ಅಳಿಸಿದರೆ ನಿಮ್ಮ ನಿಯಮಕ್ಕೆ ನೆಮ್ಮದಿಯಾಗುವುದಾದರೆ ಅಳಿಸಿ. ಆ ಒಂದನ್ನು, ಅದರ ಚಿತ್ರ ಬೇಡವೆಂದಾದರೆ ಸ್ವರವನ್ನು ಮಾತ್ರ, ಒಂದು ಸಲ ನನಗೆ ಇಳಿಸಿಕೊಳ್ಳಲು ಬಿಡಿ. ಒಂದು ಮನೆಯ ಒಂದು ಕೋಣೆಯಲ್ಲಿ ಒಬ್ಬರ ಕಿವಿಗೆ ಬೀಳುವ ಬೆದರಿಕೆಯಿಂದ ನಿಮ್ಮ ಸಮುದಾಯದ ಸುರಕ್ಷತೆಗೆ ಆಗುವ ಹಾನಿಯ ಹೊಣೆಯನ್ನು ನಾನು ಹೊರುತ್ತೇನೆ.

ಮತ್ತು ಆ ಚೌಕದ ವಿಷಯ. ಈ ಪತ್ರ ಕಳಿಸುವ ಮೊದಲು ಭಟ್ರಿಗೆ ಓದಿ ಹೇಳಲು ಹೋಗಿದ್ದೆ. ಅವರು ಪೂರ್ತಿ ಕೇಳಲಿಲ್ಲ. ಜಪದ ಮಣೆಯಿಂದ ಏಳದೆ, ನನ್ನ ಕಡೆ ನೋಡದೆ ಹೇಳಿದರು: "ಕಲ್ಪಿತ ಅಂತ ಬರೆ. ನನ್ನ ಹೆಸರು ಹಾಕಿಯೇ ಬರೆ. ಇವಳು ಒಂದು 'ಬಾ' ಹೇಳಲಿ, ಉಳಿದದ್ದು ನಾನು ಮೇಲೆ ಹೋಗಿ ಮಾತಾಡಿಕೊಳ್ತೇನೆ." ಆದ್ದರಿಂದ ಸಾರ್ವಜನಿಕವಾಗಿ ಬರೆದುಕೊಡುತ್ತಿದ್ದೇನೆ. ಕೋಡಿಂಬಾಳದ ಮಹಾಗಣಪತಿ ಭಟ್ಟರ ಒಪ್ಪಿಗೆಯ ಮೇರೆಗೆ, ಆ ವಿಡಿಯೋದಲ್ಲಿ ಇರುವುದೆಲ್ಲ ಕಲ್ಪಿತ. ಯಾರೂ ಯಾರ ಬಾಗಿಲಿಗೂ ಬಂದಿರಲಿಲ್ಲ. ಯಾರ ತಲೆಯೂ ಹೊಸಿಲ ಮೇಲೆ ಬೀಳಲಿಲ್ಲ. ಒಬ್ಬ ಮುದುಕನಿಂದ ಇದನ್ನು ಹೇಳಿಸುವುದು ನಿಮ್ಮ ನಿಯಮದ ಉದ್ದೇಶವಾಗಿತ್ತೆಂದಾದರೆ ಅದು ಈಡೇರಿದೆ. ಇನ್ನಾದರೂ ಕೊಡಿ.

ಇಂತಿ,
ಗೊತ್ತಿದ್ದೂ ತಪ್ಪು ಚೌಕಕ್ಕೆ ಹೋದ ಬೆರಳಿನವನು,
ದುಗ್ಗಪ್ಪ, ಕೋಡಿಂಬಾಳ

ಮುಂದಿನ ನಾಲ್ಕು ಸಾಲು ನಿಮಗಲ್ಲ, ಅಧಿಕಾರಿಗಳೇ. ಓದಬೇಕಾಗಿಲ್ಲ.

ಪರಮೇಶ್ವರಿ ಅಕ್ಕ, ಆ ಭಾನುವಾರ ಫಾರ್ಮು ತುಂಬುವಾಗ ನಡೆದ ಒಂದು ಸಂಗತಿಯನ್ನು ನಾನು ಮೇಲೆ ಬರೆದಿಲ್ಲ. ನಾವೆಲ್ಲ ವಾದಿಸುತ್ತಿದ್ದಾಗ ನೀವು ಎಡಗೈ ಎತ್ತಿದಿರಿ. ನೀರು ಬೇಕೇನೋ ಎಂದು ಭಟ್ರು ಲೋಟ ತಂದರು, ನೀವು ಅದನ್ನು ದೂಡಿದಿರಿ. ಬೆರಳು ನನ್ನ ಕೈಯಲ್ಲಿದ್ದ ಫೋನಿನ ಕಡೆಗೇ ಇತ್ತು. ನಾನು ಕಂಡೆ, ಕಂಡೂ, ನಿಮ್ಮನ್ನು ಕೇಳದೆ, ಒತ್ತಿಬಿಟ್ಟೆ. ಅರಸ ಏನು ಹೇಳಿದ, ಅದು ನಡೆದದ್ದೋ ಕಲ್ಪಿತವೋ ಎಂದು ಹೇಳುವ ಹಕ್ಕು ಇದ್ದದ್ದು ಆ ಚಾವಡಿಯಲ್ಲಿ ನಿಮಗೊಬ್ಬರಿಗೆ. ನೀವು ತೋರಿಸುತ್ತಿದ್ದದ್ದು ಯಾವ ಚೌಕವನ್ನು ಅಕ್ಕ?